ತೊಳೆಯದ ಕೋವಿ

ಜಯಮಾವ ಬಿಳಿ ಬಟ್ಟೆಯ ಚೂರನ್ನು ಗಜದ ಕಡ್ಡಿಯ ತುದಿಗೆ ಸುತ್ತಿ ಕೋವಿಯ ನಳಿಗೆಯೊಳಗೆ ಇಳಿಸಿದರು. ಅರ್ಧಕ್ಕೆ ಕಡ್ಡಿ ತಡೆಯಿತು. ತಿರುಚಿ ತಿರುಚಿ ತಳ ಮುಟ್ಟಿಸಿ ಹೊರಗೆಳೆದರು. ಕಪ್ಪಗೆ ಬರಬೇಕಾಗಿದ್ದ ಬಟ್ಟೆ ಕೆಂಪಗೆ ಬಂತು.

“ತುಕ್ಕು,” ಅಂದರು, ಅದನ್ನು ಬೆಳಕಿಗೆ ಹಿಡಿದು. “ನನ್ನ ಕೋವಿಯಲ್ಲಿ ತುಕ್ಕು.”

ಮೋಕ್ಷಾ ಜಗಲಿಯ ಬಾಗಿಲಲ್ಲಿ ನಿಂತಿದ್ದಳು. ಗಂಡ ದೀಕ್ಷಿತ್ ತೀರಿಹೋಗಿ ಇಪ್ಪತ್ತೇಳು ದಿನವಾಗಿತ್ತು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ, ಲೈಸೆನ್ಸ್ ಇದ್ದವನು ಸತ್ತರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕೆಂದು ಯಾರಿಗೋ ನೆನಪಾಗಿತ್ತು. ಅದಕ್ಕೇ ದೀಕ್ಷಿತನ ಸೋದರಮಾವನಾದ ಜಯಮಾವ ಜೆಪ್ಪುವಿನಿಂದ ಎರಡು ಬಸ್ಸು ಬದಲಿಸಿ ವಾಮಂಜೂರಿಗೆ ಬಂದಿದ್ದರು. ಕೊಳೆ ಕೋವಿಯನ್ನು ಪೊಲೀಸರ ಕೈಗೆ ಕೊಡುವುದು ಅವರಿಂದಾಗದ ಕೆಲಸ. ಹರಿದ ಮುಂಡಿನ ಪಟ್ಟಿಗಳು, ತೆಂಗಿನೆಣ್ಣೆಯ ಬಾಟಲಿ, ಮದ್ದಿಗೆ ಕಿಡಿ ಹಾರಿಸುವ ಕೇಪು ಕೂರುವ ತೂತನ್ನು ಚುಚ್ಚಿ ಬಿಡಿಸಲು ಒಂದು ಸೇಫ್ಟಿ ಪಿನ್ನು, ಎಲ್ಲವನ್ನೂ ಮನೆಯಿಂದಲೇ ತಂದಿದ್ದರು.

ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ ಅದು. ಜಯಮಾವನಿಗೆ ಅವರ ಮಾವನಿಂದ ಬಂದದ್ದು. ಅವರೂ ಮಗನಿಗೆ ಕೊಡದೆ ಸೋದರಳಿಯ ದೀಕ್ಷಿತನಿಗೆ ಕೊಟ್ಟಿದ್ದರು. ಗದ್ದೆಗೆ ಹಂದಿ ಇಳಿದರೆ ಅವನು ಬೆದರಿಸಲು ಗುಂಡಿಲ್ಲದೆ ಬರೀ ಮದ್ದು ಗಿಡಿದು ಈಡು ಹೊಡೆಯುತ್ತಿದ್ದ. ಕೊಡುವಾಗ ಮಾವ ಒಂದೇ ಮಾತು ಹೇಳಿದ್ದರು: ಹೊಡೆದ ದಿನವೇ ಕುದಿಯುವ ನೀರಲ್ಲಿ ತೊಳೆಯಬೇಕು, ಸುಟ್ಟ ಮದ್ದು ಈ ಊರಿನ ಗಾಳಿಯಿಂದ ನೀರು ಹೀರಿ ಕಬ್ಬಿಣವನ್ನು ತಿನ್ನುತ್ತದೆ.

“ನನ್ನ ಮದುವೆಯ ದಿನವೂ ಹಂದಿ ಬಂದಿತ್ತು,” ಅಂದರು ಜಯಮಾವ. “ಕೋವಿ ತೊಳೆದು, ಎಣ್ಣೆ ಹಾಕಿ, ಆಮೇಲೆ ನಾನು ಕೋಣೆಗೆ ಹೋದದ್ದು. ನಿನ್ನ ಮಾಮಿ ಅದನ್ನು ಹೇಳಿ ಈಗಲೂ ಕುಟುಕ್ತಾಳೆ. ಇವನಿಗೆ ಎಂತ ಆಗಿತ್ತು? ಕಾರಿನ ಗ್ಲಾಸು ಉಜ್ಜಲಿಕ್ಕೆ ದಿನಾ ಟೈಮ್ ಉಂಟು. ನೀರು ಕುದಿಯಿತಾ?”

“ಇಡಲಿಲ್ಲ.”

“ಬಂದ ಕೂಡಲೇ ಹೇಳಿದೆನಲ್ಲ, ಮಾರಾಯ್ತಿ.”

ಅವಳು ಕದಲಲಿಲ್ಲ. ಜಯಮಾವ ಇನ್ನೊಂದು ಪಟ್ಟಿ ಸುತ್ತಿದರು. ಅದೂ ಹಾಗೆಯೇ ಬಂತು. “ಸತ್ತವನನ್ನು ಬೈಯಬಾರದು. ಆದರೆ ಉದಾಸೀನದವನು. ಊರವರೆಲ್ಲ ಹೇಳಿದ ಹಾಗೆ ಮಗನಿಗೇ ಕೊಡಬೇಕಿತ್ತು.”

“ಅವನು ಉದಾಸೀನದವನಲ್ಲ,” ಅಂದಳು ಮೋಕ್ಷಾ. “ತೊಳೆಯಲಿಕ್ಕೆ ಹೊರಟಿದ್ದ. ನಾನೇ ಬಿಡಲಿಲ್ಲ.”

ಜಯಮಾವ ತಲೆಯೆತ್ತಿದರು.

ಅವನು ತೀರಿಹೋಗುವ ಮುನ್ನಾದಿನ, ಭಾನುವಾರ ಸಂಜೆ. ಕದ್ರಿಯಲ್ಲಿ ಶರ್ಮಿಳಾ ಎಂಬ ಗೆಳತಿಯ ಮನೆಗೆ ಊಟಕ್ಕೆ ಹೋಗಬೇಕಿತ್ತು. ಸೀರೆ ಉಟ್ಟು ಅರ್ಧ ಗಂಟೆಯಿಂದ ಕಾಯುತ್ತಿದ್ದ ಮೋಕ್ಷಾ, ಗದ್ದೆಯಲ್ಲಿ ಈಡು ಹೊಡೆದು ಬಂದು ನೀರು ಕಾಯಿಸಲು ಸ್ಟವ್ ಹಚ್ಚಹೊರಟವನನ್ನು ತಡೆದಿದ್ದಳು. “ನಾಳೆ ತೊಳೆದರಾಯಿತು ಅಂದೆ. ಕೈ ಮಾತ್ರ ತೊಳೆದು ಬಂದ.” ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಬೇಸಿನ್ ಹಿಡಿದು ಕುಳಿತವನು ಏಳಲಿಲ್ಲ. ಮೂವತ್ತನಾಲ್ಕು ವರ್ಷದವನ ಹೃದಯ ನಿಂತಿತ್ತು. ಅದು ಜಯಮಾವನಿಗೂ ಗೊತ್ತಿದ್ದದ್ದೇ. ಅವಳು ಮತ್ತೆ ಹೇಳಲಿಲ್ಲ.

ಅವರು ಗಜದ ಕಡ್ಡಿಯನ್ನು ಒರೆಸಿದರು. “ಅದು ಒಂದು ರಾತ್ರಿಯ ಮಾತು,” ಅಂದರು. ದನಿ ಇಳಿದಿತ್ತು. “ಒಂದು ರಾತ್ರಿಗೆ ಇಷ್ಟು ಹಿಡಿಯುವುದಿಲ್ಲ. ಆಮೇಲೆ ಯಾರಿಗೆ ನೆನಪಿರ್ತದೆ. ನಿನಗೂ ಗೊತ್ತಿರಲಿಕ್ಕಿಲ್ಲ, ಬಿಡು.”

“ಗೊತ್ತಿತ್ತು.” ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು ಅವಳು. “ಬಾಗಿಲ ಹಿಂದೆಯೇ ಇತ್ತಲ್ಲ. ದಿನಾ ನೋಡ್ತಿದ್ದೆ.”

“ಮತ್ತೆ?”

ಮೋಕ್ಷಾ ಮೆಟ್ಟಿಲ ಮೇಲೆ ಕುಳಿತಳು.

“ಮೂರನೇ ದಿನ ನೆಂಟರು ಅವನದ್ದು ಎಲ್ಲ ಒಗೆದು ಹಾಕಿದರು, ಮಾವ. ಅಂಗಿ, ಲುಂಗಿ, ದಿಂಬಿನ ಕವರು ಸಹ. ಹೇಳುವಷ್ಟರಲ್ಲಿ ನೆನೆಸಿ ಆಗಿತ್ತು. ಕಪಾಟು ತೆರೆದರೆ ಈಗ ಬರೀ ಸೋಪಿನ ವಾಸನೆ.” ಕೋವಿಯ ಕಡೆ ತಿರುಗಿದಳು. “ಈಡು ಹೊಡೆದು ಬಂದಾಗ ಅವನ ಕೈಯಲ್ಲಿ ಒಂದು ಮದ್ದಿನ ವಾಸನೆ ಇರ್ತಿತ್ತಲ್ಲ. ಅದು ಇದರೊಳಗೆ ಮಾತ್ರ ಉಳಿದದ್ದು. ತೊಳೆದರೆ ಹೋಗ್ತಿತ್ತು.”

ಜಯಮಾವ ಕಡ್ಡಿಯನ್ನು ಕೆಳಗಿಟ್ಟರು.

“ಈಗ ಒಂದು ವಾರದಿಂದ ನನಗೆ ಸಿಗುವುದಿಲ್ಲ,” ಅಂದಳು ಅವಳು. “ನನ್ನ ಮೂಗಿಗೆ ಅಭ್ಯಾಸ ಆದದ್ದಾ, ವಾಸನೆಯೇ ಹೋದದ್ದಾ, ಗೊತ್ತಾಗುವುದಿಲ್ಲ. ನೀವೊಮ್ಮೆ ನೋಡಿ.”

ಜಯಮಾವ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ, ನಳಿಗೆಯ ಬಾಯಿಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ ಉಸಿರೆಳೆದರು. ಒಳಗೆ ಒದ್ದೆ ಕಬ್ಬಿಣದ ವಾಸನೆಯಲ್ಲದೆ ಬೇರೇನೂ ಇರಲಿಲ್ಲ. ಇನ್ನೊಮ್ಮೆ ಎಳೆದು ನೋಡಿದರು.

“ಉಂಟು,” ಅಂದರು.