ಹಬ್ಬಕ್ಕೆ ಬಂದ ಯಜಮಾನ

ಮನೆಯ ಯಜಮಾನ ಚಮಚ ಹುಡುಕುತ್ತ ಮೂರನೆಯ ಡ್ರಾಯರನ್ನೂ ಎಳೆದಾಗ ಹುಡುಗಿಯ ಕಿವಿ ನಿಮಿರಿತು. ಮೊದಲನೆಯದರಲ್ಲಿ ಬಟ್ಟೆಯ ಕ್ಲಿಪ್ಪುಗಳು, ಎರಡನೆಯದರಲ್ಲಿ ಬೆಂಕಿಪೊಟ್ಟಣ ಮತ್ತು ದಾರದ ಉಂಡೆ. ತಮ್ಮ ಮನೆಯ ಚಮಚ ಎಲ್ಲಿದೆಯೆಂದು ಗೊತ್ತಿಲ್ಲದ ಗಂಡಸರು ಎಲ್ಲ ದೇಶಗಳಲ್ಲೂ ಇರುತ್ತಾರೆ, ನಿಜ. ಆದರೆ ಈತ ಸ್ವಲ್ಪ ಹೊತ್ತಿನ ಮುಂಚೆ ಬಚ್ಚಲುಮನೆಯ ಸ್ವಿಚ್ಚಿಗಾಗಿ ಗೋಡೆಯನ್ನೆಲ್ಲ ತಡವಿದ್ದ.

ಹುಡುಗಿ ಈ ಪರದೇಶಕ್ಕೆ ಬಂದದ್ದು ಕೃತಕ ಹಲ್ಲು ಕಟ್ಟುವ ಕೆಲಸ ಕಲಿಯಲು. ಇರುವುದಕ್ಕೆ ಲ್ಯಾಬಿನವರೇ ಈ ಮನೆ ತೋರಿಸಿದ್ದರು. ಮನೆಯಾಕೆಯನ್ನು ಅವಳು ಬಾಯಿತುಂಬ ಅಕ್ಕ ಎನ್ನುತ್ತಿದ್ದಳು. ‘ನಮ್ಮ ಯಜಮಾನರಿಗೆ ಹಡಗಲ್ಲಿ ಕೆಲಸ, ಹಬ್ಬಕ್ಕೆ ಬರ್ತಾರೆ’ ಎಂದು ಅಕ್ಕ ಹೇಳಿದ್ದುಂಟು. ಇವತ್ತು ಬೆಳಿಗ್ಗೆ ಬಂದ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದವನ ಕೈಯಲ್ಲಿ ಒಂದು ಪೆಟ್ಟಿಗೆಯೂ ಇರಲಿಲ್ಲ. ಬೂಟು ಬಿಚ್ಚಿದವನು ಎಲ್ಲಿಡಬೇಕೆಂದು ತೋಚದೆ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ಮುದುಡಿಕೊಂಡು ನಿಂತ.

ಆಮೇಲೆ ಬಾಗಿಲ ಸಂದಿಯಲ್ಲಿ ಕಂಡದ್ದು ಇನ್ನೂ ವಿಚಿತ್ರ. ಅಕ್ಕ ಹೊಲಿಗೆಯ ಗುಂಡಿಗಳ ಡಬ್ಬಿಯಿಂದ ಒಂದು ಉಂಗುರ ಹುಡುಕಿ ತೆಗೆದು ಅವನ ಅಂಗೈಗೆ ಹಾಕಿದಳು.

“ಬೇಗ ಹಾಕ್ಕೊಳ್ಳಿ. ಅಮ್ಮ ಸ್ನಾನ ಮುಗಿಸಿ ಬಂದ್ಬಿಡ್ತಾರೆ.”

“ಬಿಗಿ ಆಗ್ತಿದೆಯಲ್ಲ.”

“ಸೋಪು ಹಚ್ಚಿ. ಹೇಳಿದ್ದೆಲ್ಲ ನೆನಪಿದೆ ತಾನೇ? ಊಟ ಆದ್ಮೇಲೆ ಹಡಗಿಗೆ ವಾಪಸ್ ಹೋಗ್ಬೇಕು ಅನ್ನಿ. ಬೇರೇನೂ ಬಾಯಿಬಿಡ್ಬೇಡಿ.”

ಹುಡುಗಿ ಸದ್ದಾಗದಂತೆ ಹಜಾರಕ್ಕೆ ಸರಿದಳು. ಹಜಾರದ ಗೋಡೆಯಲ್ಲಿ ಗಂಡಹೆಂಡಿರ ಫೋಟೋ ಒಂದಿತ್ತು. ನಿನ್ನೆಯವರೆಗೆ ಅಲ್ಲಿ ಬರೀ ಮೊಳೆಯಿದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಫೋಟೋದಲ್ಲಿದ್ದವನಿಗೆ ತಲೆತುಂಬ ಕೂದಲು. ಬಂದವನ ತಲೆ ಬೋಳು. ಬಾಯಿ ಬಿಟ್ಟು ನಕ್ಕಿದ್ದರೆ ಹಲ್ಲು ನೋಡಿಯೇ ಹೇಳಿಬಿಡುತ್ತಿದ್ದಳು, ಆದರೆ ಫೋಟೋದಲ್ಲಿದ್ದವನು ತುಟಿ ಬಿಗಿದುಕೊಂಡಿದ್ದ. ಬಾಡಿಗೆಗೆ ಗಂಡನನ್ನು ತಂದಿದ್ದಾರೆಯೇ? ಯಾಕೆ? ಹಬ್ಬಕ್ಕೆಂದು ನಿನ್ನೆ ಸಂಜೆ ಬಂದಿಳಿದ ಅಕ್ಕನ ಅಮ್ಮನಿಗೆ, ಅಂದರೆ ಅಜ್ಜಿಗೆ, ಸ್ವಂತ ಮನೆಯಿದೆ, ಇರುವವಳು ಒಬ್ಬಳೇ ಮಗಳು. ಮುದುಕಿಯ ಕಣ್ಣಿಗೆ ಮಣ್ಣೆರಚಿ ಆಸ್ತಿ ಬರೆಸಿಕೊಳ್ಳುವ ಹುನ್ನಾರವೇ ಇರಬೇಕು. ಇಷ್ಟು ದಿನ ಅನ್ನ ಹಾಕಿದ ಅಕ್ಕನ ಬಗ್ಗೆ ಹೀಗೆ ಯೋಚಿಸಲು ಅವಳಿಗೇ ಹೇಸಿಗೆಯೆನಿಸಿತು. ಆದರೂ ಅನುಮಾನ ಬಿಡಲಿಲ್ಲ.

ಮಧ್ಯಾಹ್ನ ಅಕ್ಕ ಮತ್ತು ಆ ಮನುಷ್ಯ ಊಟದ ಮೇಜನ್ನು ಹಜಾರಕ್ಕೆ ಸಾಗಿಸುತ್ತಿದ್ದರು. ಅಡುಗೆಮನೆಯಲ್ಲಿ ಅಜ್ಜಿ ಗಾಜಿನ ಲೋಟಗಳನ್ನು ಒರೆಸುತ್ತಿದ್ದಳು. ಹುಡುಗಿ ಹತ್ತಿರ ಸರಿದಳು.

“ಅಜ್ಜೀ, ತಪ್ಪು ತಿಳ್ಕೋಬೇಡಿ. ನೀವು ಇವತ್ತು ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ.”

“ಯಾಕಮ್ಮಾ?”

“ನಿಮ್ಮ ಅಳಿಯ ಅಂತ ಬಂದಿದ್ದಾರಲ್ಲ, ಅವರ ಮೇಲೆ ನನಗೆ ಅನುಮಾನ. ಅವರು ಈ ಮನೆಯವರೇ ಅಲ್ಲ. ಚಮಚ ಎಲ್ಲಿದೆ ಅನ್ನೋದೂ ಗೊತ್ತಿಲ್ಲ.”

ಅಜ್ಜಿ ಕಾಲಿನಿಂದಲೇ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

“ಮೆತ್ತಗೆ ಮಾತಾಡೇ. ನನ್ನ ಅಳಿಯ ಹೌದು, ತಲೆ ಬೋಳಾಗಿದೆ ಅಷ್ಟೇ. ಈ ಮನೆಯವನಲ್ಲ, ಅದೂ ಹೌದು. ಇಬ್ಬರೂ ಬೇರೆಯಾಗಿ ಎರಡು ವರ್ಷ ಆಯ್ತು. ಹಡಗೂ ಇಲ್ಲ ಗಿಡಗೂ ಇಲ್ಲ, ಇದೇ ಊರಲ್ಲಿ ಆಚೆ ಬೀದೀಲಿ ರೂಮು ಮಾಡ್ಕೊಂಡಿದ್ದಾನೆ.”

ಹುಡುಗಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಅಂದ್ರೆ ನಿಮಗೆ ಎಲ್ಲಾ ಗೊತ್ತಾ?”

“ನನಗೆ ಗೊತ್ತಾದ್ರೆ ಎದೆ ಒಡ್ಕೊಂಡು ಸತ್ತೇ ಹೋಗ್ತೀನಿ ಅಂತ ಇಬ್ಬರೂ ಸೇರಿ ಈ ನಾಟಕ ಹೂಡಿದ್ದಾರೆ. ಹೋದ ಹಬ್ಬದಲ್ಲಿ ಟವೆಲ್ ಸಿಗದೆ ಕರ್ಚೀಫಲ್ಲಿ ಮುಖ ಒರೆಸ್ಕೊಂಡ, ಪಾಪ. ಅವನು ಹೋದ್ಮೇಲೆ ನನ್ನ ಮಗಳು ಸಿಟ್ಟಿಗೆ ಒಂದು ಸಾಮಾನನ್ನೂ ಇದ್ದ ಜಾಗದಲ್ಲಿ ಬಿಟ್ಟಿಲ್ಲ, ಬಚ್ಚಲ ಸ್ವಿಚ್ಚನ್ನೂ ಆಚೆ ಗೋಡೆಗೆ ಹಾಕ್ಸಿದ್ದಾಳೆ ನೋಡು.”

“ಮತ್ತೆ ಗೊತ್ತು ಅಂತ ಹೇಳಿಬಿಡಬಾರದಾ ಅಜ್ಜಿ? ಅವರಿಗೂ ಈ ಒದ್ದಾಟ ತಪ್ಪುತ್ತಲ್ಲ.”

“ಹೇಳಿದ್ರೆ ಮುಂದಿನ ಸಲ ಅವನು ಯಾಕೆ ಬರ್ತಾನೆ?” ಎಂದಳು ಅಜ್ಜಿ, ಲೋಟವನ್ನು ಬೆಳಕಿಗೆ ಹಿಡಿದು. “ವರ್ಷಕ್ಕೆ ಒಂದು ದಿನವಾದರೂ ಇಬ್ಬರೂ ಒಂದೇ ಮೂಲೇಲಿ ನಿಂತು ಪಿಸಪಿಸ ಅಂತಾರೆ. ನನಗೆ ಮೋಸ ಮಾಡೋಕಾದ್ರೂ ಒಂದಾಗ್ತಾರಲ್ಲ, ಅಷ್ಟೇ ಸಾಕು.”

ಹಜಾರದಲ್ಲಿ ಮೇಜು ಬಾಗಿಲಿಗೆ ಬಡಿದ ಸದ್ದಾಯಿತು. ಹಿಂದೆಯೇ ಅಕ್ಕ ಬೈದದ್ದು, ಆ ಮನುಷ್ಯ ಮೆಲ್ಲಗೆ ನಕ್ಕದ್ದು ಕೇಳಿಸಿತು. “ಜೋಪಾನ ಅಳಿಯಂದ್ರೇ, ಹಡಗು ಅಂದ್ಕೊಂಡು ತೇಲಿಸ್ಬೇಡಿ!” ಎಂದು ಅಜ್ಜಿ ಇಲ್ಲಿಂದಲೇ ಕೂಗಿದಳು. ಹಜಾರದಲ್ಲಿ ಮತ್ತೆ ಪಿಸಪಿಸ ಶುರುವಾಯಿತು.

ಹುಡುಗಿಗೆ ನಗು ತಡೆಯಲಾಗಲಿಲ್ಲ. “ನೀವು ನಂಬಿದ್ದೀರಿ ಅಂತ ಅವರು ನಿಜವಾಗ್ಲೂ ಅಂದ್ಕೊಂಡಿದ್ದಾರಾ ಅಜ್ಜಿ? ಇಷ್ಟು ದೊಡ್ಡವರಾಗಿ?”

ಅಜ್ಜಿ ಒರೆಸಿದ ಲೋಟವನ್ನು ತಟ್ಟೆಯ ಮೇಲಿಟ್ಟು, ಅವಳ ಮುಖವನ್ನೇ ನೋಡಿದಳು.

“ಬೆಳಿಗ್ಗೆ ಫೋನಲ್ಲಿ ನಿಮ್ಮಮ್ಮನ ಹತ್ರ ಅಷ್ಟೊಂದು ನಗ್ತಾ ಮಾತಾಡಿ, ಇಟ್ಟ ಮೇಲೆ ಗೋಡೆ ಕಡೆ ತಿರುಗಿ ಕಣ್ಣೊರೆಸ್ಕೊಂಡೆಯಲ್ಲ. ಆಯಮ್ಮ ನಂಬಿದಳು ಅಂತ ನೀನು ಅಂದ್ಕೊಂಡಿದ್ದೀಯಾ?”