ತಾಯಿಗೆ ಪತ್ರ, ಹತ್ತು ಅಂಕ

"'ಯವ್ವಾ, ಉಂಡ್ಯಾ? ಹಾಸ್ಟ್ಲಲ್ಲಿ ನನ್ ಪಕ್ಕ ಯಾರೂ ಕೂರಾಕಿಲ್ಲ ಕಣವ್ವಾ...' ಕೇಳ್ರಪ್ಪಾ, ಪೇಚಿಯಮ್ಮಾಳ್ ಅವರ ಚೆಂದಮಿಳು, ಅಚ್ಚ ಗ್ರಂಥದ ತಮಿಳು!"

ತಮಿಳು ಮೇಷ್ಟ್ರು ಚೊಕ್ಕಲಿಂಗಂ ಅಯ್ಯ ರಾಗವಾಗಿ ಓದಿದರು. ಎಂಟನೇ ತರಗತಿ ಬಿದ್ದು ಬಿದ್ದು ನಕ್ಕಿತು. "ಆಡೋ ಮಾತು ಬೇರೆ, ಬರೆಯೋ ಮಾತು ಬೇರೆ ಅಂತ ಎಷ್ಟು ಸಲ ಬಡ್ಕೊಳ್ಳಲಮ್ಮಾ? 'ಇಲ್ಲಿ ಎಲ್ಲರೂ ಕ್ಷೇಮ' ಎಲ್ಲಿ?"

"ಮುಂದಿನ ಪುಟದಾಗೈತೆ, ಅಯ್ಯಾ." ಪೇಚಿಯಮ್ಮಾಳ್ ತಲೆ ಎತ್ತಲಿಲ್ಲ. "ಹೋಂವರ್ಕು ಅದು. ಇದು ನಮ್ಮವ್ವಂಗೆ, ಅಂಚೆಗೆ ಹಾಕಾಕೆ."

ಅಯ್ಯ ಪುಟ ತಿರುಗಿಸಿದರು. 'ಪೂಜ್ಯ ಮಾತೃಶ್ರೀಯವರಿಗೆ' ಎಂಬುದರಿಂದ ಹಿಡಿದು ಅವರು ಹೇಳಿಕೊಟ್ಟದ್ದೆಲ್ಲ ಅಲ್ಲಿ ಮುತ್ತಿನಂಥ ಅಕ್ಷರದಲ್ಲಿತ್ತು. ಆ ಪತ್ರದಲ್ಲಿ ಹುಡುಗಿ ಬಹಳ ಸುಖವಾಗಿದ್ದಳು. ಈಗ ಯಾರೂ ನಗುತ್ತಿರಲಿಲ್ಲ. ಅಯ್ಯ ಹಿಂದಿನ ಪುಟಕ್ಕೆ ಮರಳಿ, ಅದರ ಮೇಲೆ ಅಂಗೈಯಿಟ್ಟು ಮುಚ್ಚಿದರು. ಅಂಚೆಗೆ ಹೋಗಬೇಕಾದ ಆ ಹಾಳೆಯ ತುಂಬ, ಸಾಲುಸಾಲಿಗೂ, ಅವರದೇ ಕೆಂಪು ಗೀಟುಗಳಿದ್ದವು.