ಟಾರ್ಚ್ ಬೆಳಕು

ಸಕ್ಕರೆ ಕಾಯಿಲೆಯಿದ್ದ ಗಂಡ ಹೆಂಡತಿ ಇಬ್ಬರಿಗೂ ಕೊರೊನಾ ಬಂದು ಹೋಗಿತ್ತು. ಆಮೇಲೆ ಗಂಡನಿಗೆ ಹಿಡಿದದ್ದು ಬ್ಲ್ಯಾಕ್ ಫಂಗಸ್ ಭಯ. ಅದು ಮೂಗಿನಿಂದ ಕಣ್ಣಿಗೇರುತ್ತದಂತೆ, ಕಣ್ಣನ್ನೇ ತೆಗೆಯಬೇಕಾಗುತ್ತದಂತೆ. ದಿನಾ ಬೆಳಿಗ್ಗೆ ಹೆಂಡತಿಯ ಮುಂದೆ ಬಾಯಿ ತೆರೆದು ಕೂರುತ್ತಿದ್ದ.

“ಸರಿಯಾಗಿ ಟಾರ್ಚ್ ಬಿಟ್ಟು ನೋಡೇ. ಅಂಗುಳು ಕಪ್ಪಾಗಿದೆಯಾ?”

“ಇಲ್ಲಾರೀ.”

ನಂಬಿಕೆ ಬಾರದೆ ಇವತ್ತು ಅವಳನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದ. ಡಾಕ್ಟರು ಅವನ ಮೂಗಿನೊಳಗೆ ಕೊಳವೆ ಬಿಟ್ಟು ನೋಡಿದರು. ಆಮೇಲೆ ಮುಖದ ಮುಂದೆ ಒಂದು ಬೆರಳು ಹಿಡಿದರು.

“ಎಷ್ಟು ಕಾಣ್ತಿದೆ?”

“ಒಂದೇ.”

“ಎರಡು ಕಂಡಿದ್ರೆ ಹೆದರಬೇಕಿತ್ತು. ನಿಮಗೇನೂ ಆಗಿಲ್ಲ, ಹೋಗಿ.”

ಡಾಕ್ಟರು ಅವಳ ಕಡೆ ತಿರುಗಿ ನಕ್ಕರು. “ಏನಮ್ಮಾ, ಗಡಿಬಿಡೀಲಿ ಕುಂಕುಮ ಹುಬ್ಬಿನ ಮೇಲೆ ಇಟ್ಕೊಂಡಿದ್ದೀರಾ?”

“ಗಡಿಬಿಡಿ ಅಲ್ಲ ಡಾಕ್ಟ್ರೇ. ಕನ್ನಡೀಲಿ ಎರಡೆರಡು ಹಣೆ ಕಾಣ್ಸುತ್ತೆ.”